ಬಾಚಣಿಗೆ ಕೊಡುವುದು ಬಾಕಿ

ಸಂಜೆ ನಾಲ್ಕು ಗಂಟೆ ಹದಿನೆಂಟು ನಿಮಿಷ, ಗುರುವಾರ. ಇಷ್ಟು ಖಚಿತವಾಗಿ ಹೇಳುತ್ತಿರುವುದು ನೆನಪಿನ ಬಲದಿಂದಲ್ಲ. ಆ ಹೊತ್ತಿಗೆ ನಾನು ಉಡುಪಿಯಲ್ಲಿರುವ ಅಮ್ಮನ ಜೊತೆ ಫೋನಿನಲ್ಲಿ ಮಾತು ಮುಗಿಸಿದ್ದೆ. ಏಳು ನಿಮಿಷದ ಆ ಕರೆ ಫೋನಿನ ಪಟ್ಟಿಯಲ್ಲಿ ಈಗಲೂ ಉಂಟು, ಅಳಿಸಿಲ್ಲ. ಮಾತು ಶುರುವಾದಾಗ ಹುಡುಗಿ ನನ್ನ ಎಡಗಡೆ ನಿಂತಿದ್ದಳು. ಮುಗಿದಾಗ ಇರಲಿಲ್ಲ.

ನಾವಿದ್ದದ್ದು ಬಾಲಿಗಂಜ್ ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ, ಒಂದು ಉಣ್ಣೆ ಬಟ್ಟೆಯ ಅಂಗಡಿಯ ಮುಂದೆ. ಒಳಗೆ ಅಕ್ಕ ಮತ್ತು ಭಾವ ಒಂಬತ್ತು ವರ್ಷದ ಮೈಗೆ ಹಿಡಿಸುವ ದಪ್ಪ ಸ್ವೆಟರ್ ಹುಡುಕುತ್ತಿದ್ದರು. ಅವರ ಮನೆ ಇರುವುದು ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ಮಕ್ಕಳಾಗಲಿಲ್ಲ. ದತ್ತು ಬೇಕೆಂದು ಅರ್ಜಿ ಹಾಕುವಾಗಲೇ ಎಳೆ ಮಗುವೇ ಆಗಬೇಕೆಂದಿಲ್ಲ, ದೊಡ್ಡ ಮಗುವಾದರೂ ಸರಿ ಎಂದು ಬರೆದಿದ್ದರು. ಎರಡು ವರ್ಷದ ಮೇಲೆ ಕೊಲ್ಕತ್ತಾದ ಗಾರ್ಡನ್ ರೀಚ್ ಕಡೆಯ ಒಂದು ಮಕ್ಕಳ ಮನೆಯಿಂದ ಈ ಹುಡುಗಿಯ ಫೋಟೊ ಮತ್ತು ಎರಡು ಪುಟದ ವಿವರ ಬಂತು. ನಾನು ಅದೇ ಊರಿನಲ್ಲಿ, ಬಾಲಿಗಂಜ್‌ನ ಒಂದು ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದುಕೊಂಡು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿರುವುದು ಆಕಸ್ಮಿಕ. ಅಕ್ಕ ಮಾತ್ರ ಇದನ್ನು ಆಕಸ್ಮಿಕ ಎಂದು ಒಪ್ಪಲಿಲ್ಲ. ಭಾವ ಎಂಜಿನಿಯರ್, ಮೈಸೂರು ಕಡೆಯವರು. ಅವರಿಬ್ಬರಿಗೂ ಬಂಗಾಳಿ ಬರುವುದಿಲ್ಲ. ಹುಡುಗಿಗೆ ಬೇರೆ ಯಾವ ಭಾಷೆಯೂ ಬರುವುದಿಲ್ಲ. ಹಾಗಾಗಿ ಎಂಟು ತಿಂಗಳಿನ ವಿಡಿಯೊ ಕರೆಗಳಲ್ಲೂ, ಆಮೇಲಿನ ಎಲ್ಲ ದಿನಗಳಲ್ಲೂ ನಡುವೆ ನಾನಿದ್ದೆ. ಅವಳು ಹೇಳಿದ್ದನ್ನು ಕನ್ನಡಕ್ಕೆ, ಇವರು ಹೇಳಿದ್ದನ್ನು ಬಂಗಾಳಿಗೆ. ಇಲ್ಲಿ ಅವಳ ಮಾತುಗಳನ್ನೂ, ಬೇರೆ ಬಂಗಾಳಿಗಳ ಮಾತುಗಳನ್ನೂ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸೋಮವಾರ ಅವಳನ್ನು ಮನೆಗೆ ಕರೆತಂದಿದ್ದೆವು. ದತ್ತಿನ ಆದೇಶ ಕೈಗೆ ಬಂದಿತ್ತು, ಪಾಸ್‌ಪೋರ್ಟ್ ಬರಬೇಕಿತ್ತು. ಅಲ್ಲಿಯವರೆಗೆ ನಾಲ್ವರೂ ನನ್ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇರುವುದೆಂದು ಆಗಿತ್ತು. ಮೂರು ದಿನ ಅವಳು ಹೇಳಿದ ಹಾಗೆ ಕೇಳಿಕೊಂಡು, ಕೊಟ್ಟದ್ದನ್ನು ತಿಂದುಕೊಂಡು, ತಟ್ಟೆ ತಾನೇ ತೊಳೆದಿಟ್ಟುಕೊಂಡು ಇದ್ದಳು. ಅಕ್ಕನಿಗೆ ಅದೇ ದೊಡ್ಡ ಸಮಾಧಾನ. "ಎಷ್ಟು ಬೇಗ ಹೊಂದಿಕೊಂಡ್ಲು ನೋಡು" ಎಂದು ಗುರುವಾರ ಬೆಳಿಗ್ಗೆ ಕೂಡ ಹೇಳಿದ್ದಳು.

ಅಂಗಡಿಯ ಮುಂದೆ ನಾನು ಒಮ್ಮೆ ಸುತ್ತ ತಿರುಗಿ ನೋಡಿದೆ. ಪಕ್ಕದಲ್ಲಿ ಚಹಾ ಮಾರುವವನು ಲೋಟ ತೊಳೆಯುತ್ತಿದ್ದ. ಹಳದಿ ಫ್ರಾಕಿನ ಹುಡುಗಿ ಎಂದು ಕೇಳಿದೆ. ತಲೆ ಎತ್ತದೆ ಗದ್ದದಿಂದಲೇ ಸ್ಟೇಷನ್ನಿನ ಕಡೆ ತೋರಿಸಿದ. "ಓಡಿದಳು. ಟ್ರೇನಿಗೆ ಹೊತ್ತಾಯಿತೇನೋ."

ಅಕ್ಕನಿಗೆ ಹೇಳಲು ಒಳಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಹೊತ್ತು ಉಳಿಸಲಿಕ್ಕೆ ಎಂದು ಹೇಳಬಹುದು. ಅವರಿಗೆ ಗೊತ್ತಾಗುವ ಮೊದಲೇ ಅವಳನ್ನು ಮತ್ತೆ ಎಡಗಡೆ ತಂದು ನಿಲ್ಲಿಸಿಬಿಡುವ ಆಸೆಯೂ ಇತ್ತು.

ಪ್ಲಾಟ್‌ಫಾರ್ಮಿಗೆ ಬಂದಾಗ ಅವಳು ಕಾಣಿಸಿದಳು. ಪ್ಲಾಟ್‌ಫಾರ್ಮಿನ ಮೇಲಲ್ಲ, ಹಳಿಗಳ ಮೇಲೆ. ಈ ತುದಿಯ ಇಳಿಜಾರಿನಿಂದ ಇಳಿದು, ಮೊದಲನೆಯ ಜೋಡಿ ಹಳಿ ದಾಟಿ, ಎರಡನೆಯದರ ಹತ್ತಿರ ನಿಂತಿದ್ದಳು. ಹಾಗೆ ದಾಟುವವರು ಅಲ್ಲಿ ದಿನವೂ ಇರುತ್ತಾರೆ, ನಾನೂ ನೋಡಿದ್ದೇನೆ. ಆದರೆ ಆಗ ಬೇರೆ ಯಾರೂ ದಾಟುತ್ತಿರಲಿಲ್ಲ. ಕಾರಣವೂ ಕಾಣುತ್ತಿತ್ತು. ಅವಳ ಮುಂದಿನ ಹಳಿಯಲ್ಲಿ ದಕ್ಷಿಣದಿಂದ ಒಂದು ಗಾಡಿ ಬರುತ್ತಿತ್ತು, ಅವಳು ಅದನ್ನೇ ನೋಡುತ್ತಿದ್ದಳು. ಬೆನ್ನ ಹಿಂದೆ, ಆಗತಾನೇ ದಾಟಿದ ಹಳಿಯಲ್ಲಿ, ಉತ್ತರದಿಂದ ಇನ್ನೊಂದು. ಅದನ್ನು ನೋಡಿರಲಿಲ್ಲ. ಮುಂದಿನ ಗಾಡಿಗೆ ಹೆದರಿ ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು.

ನಾನು ಬಾಯಿ ತೆರೆದೆ. ಕೂಗಲು ಹೆಸರು ಬರಲಿಲ್ಲ.

ಅವಳಿಗೆ ಎರಡು ಹೆಸರಿದ್ದವು. ಮಕ್ಕಳ ಮನೆಯಲ್ಲಿ ಕರೆಯುತ್ತಿದ್ದದ್ದು ಒಂದು, ಅಕ್ಕ ಇಟ್ಟು ಆದೇಶದಲ್ಲಿ ಬರೆಸಿದ್ದು ಇನ್ನೊಂದು. ಹೊಸದನ್ನು ಕೂಗಿದರೆ ಅವಳಿಗೆ ಅದು ತಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಿತ್ತು. ಹಳೆಯದನ್ನು ಕೂಗಬಾರದೆಂದು ಮನೆಯಲ್ಲಿ ನಾವೇ ನಿಯಮ ಮಾಡಿಕೊಂಡಿದ್ದೆವು. ಇಷ್ಟನ್ನೆಲ್ಲ ಆ ಹೊತ್ತಿನಲ್ಲಿ ಯೋಚಿಸಿದೆ ಎಂದಲ್ಲ. ಬಾಯಿ ತೆರೆದಿತ್ತು, ಶಬ್ದ ಬರಲಿಲ್ಲ, ಅಷ್ಟೇ.

ಕೂಗಿದ್ದು ಆಚೆಯ ಪ್ಲಾಟ್‌ಫಾರ್ಮಿನಲ್ಲಿ ಖಾಲಿ ಬುಟ್ಟಿಗಳ ಜೊತೆ ಕುಳಿತಿದ್ದ ಒಬ್ಬ ಹೆಂಗಸು. ಬೆಳಿಗ್ಗೆ ತರಕಾರಿ ತಂದು ಮಾರಿ, ಸಂಜೆಯ ಗಾಡಿಗೆ ಊರಿಗೆ ಮರಳುವವರಲ್ಲಿ ಒಬ್ಬಳು. "ಕೂತ್ಕೋ! ಅಲ್ಲೇ ಕೂತ್ಕೋ!" ಎಂದು ಎರಡು ಸಲ. ಅವಳಿಗೆ ಯಾವ ಹೆಸರೂ ಬೇಕಾಗಲಿಲ್ಲ.

ಹುಡುಗಿ ಕುಳಿತಳು. ಮಕ್ಕಳ ಮನೆಯಲ್ಲಿ ದೊಡ್ಡವರು ಕೂತ್ಕೋ ಎಂದರೆ ಕೂರುವುದು ರೂಢಿ, ಯಾಕೆ ಎಂದು ಕೇಳುವುದು ಇಲ್ಲ. ಎರಡು ಹಳಿಗಳ ನಡುವಿನ ಜಲ್ಲಿಯ ಮೇಲೆ ಮೊಣಕಾಲು ಅಪ್ಪಿ, ತಲೆ ಒಳಗೆ ಹಾಕಿ ಮುದುಡಿದಳು. ಮೊದಲು ಆಚೆಯ ಗಾಡಿ, ಆಮೇಲೆ ಈಚೆಯದು. ಈಚೆಯದು ನನ್ನ ಮುಂದೆ ಗೋಡೆಯ ಹಾಗೆ ಬಂತು. ಡಬ್ಬಿಗಳ ಕೆಳಗೆ, ಚಕ್ರಗಳ ಸಂದಿಯಲ್ಲಿ ಹಳದಿ ಬಣ್ಣ ಕಂಡು ಮರೆಯಾಗಿ ಮತ್ತೆ ಕಂಡಿತು. ಅದು ಹಳದಿಯಾಗಿಯೇ ಇದೆಯೇ ಎಂದು ನೋಡುತ್ತಿದ್ದೆ. ಬೇರೆ ಏನನ್ನೂ ನೋಡುತ್ತಿರಲಿಲ್ಲ.

ಗಾಡಿಗಳು ಹೋದ ಮೇಲೆ ಎದ್ದಳು. ಫ್ರಾಕು ಕೊಡವಿಕೊಂಡಳು. ನಾನು ಈ ಕಡೆ ನಿಂತಿದ್ದೆ, ಅವಳು ನನ್ನನ್ನು ನೋಡಿದಳು ಎಂದೇ ನನ್ನ ನಂಬಿಕೆ. ಆದರೆ ಹೋದದ್ದು ಆಚೆಗೆ. ಉಳಿದ ಹಳಿ ದಾಟಿ, ಕೈಯೂರಿ ಆಚೆಯ ಪ್ಲಾಟ್‌ಫಾರ್ಮ್ ಹತ್ತಿದಳು. ಗಾರ್ಡನ್ ರೀಚ್ ಕಡೆಗೆ ಹೋಗುವ ಬಜ್‌ಬಜ್ ಲೋಕಲ್ ನಿಲ್ಲುವುದು ಅಲ್ಲೇ. ತರಕಾರಿಯ ಹೆಂಗಸು ಅವಳ ರಟ್ಟೆ ಹಿಡಿದು, ಬೆನ್ನಿಗೆ ಒಂದು ಏಟು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡಳು.

ನಾನು ಮೇಲ್ಸೇತುವೆ ಹತ್ತಿ ಇಳಿದು ಹೋಗುವಷ್ಟರಲ್ಲಿ ಹುಡುಗಿ ಆ ಹೆಂಗಸು ಕೊಟ್ಟ ಪುರಿ ತಿನ್ನುತ್ತಿದ್ದಳು.

"ನಿನ್ನ ಮಗಳಾ?"

"ಅಲ್ಲ. ನನ್ನ ಅಕ್ಕನ..." ಎಂದು ಶುರುಮಾಡಿದೆ.

"ಯಾರದ್ದಾದರೂ ಆಗಲಿ. ಆ ಫೋನು ಹಿಡಿದಿದ್ದೀಯಲ್ಲ, ಅಷ್ಟು ಗಟ್ಟಿಯಾಗಿ ಇವಳ ಕೈ ಹಿಡಿ."

ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. ಬೆರಳು ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಮನೆಯಲ್ಲಿ ಆ ಸಂಜೆ ಯಾರೂ ಜೋರಾಗಿ ಮಾತಾಡಲಿಲ್ಲ. ಎಲ್ಲಿಗೆ ಹೊರಟಿದ್ದೆ ಎಂದು ಅವಳನ್ನು ಕೇಳಿದೆ. ಬೈಯುವುದಿಲ್ಲ ಎಂದೆ. ಆದರೂ ಹೇಳಲಿಲ್ಲ. ಅಕ್ಕ ಅವಳ ಮೊಣಕಾಲಿನ ತರಚು ಗಾಯ ತೊಳೆದು ಮುಲಾಮು ಹಚ್ಚಿದಳು. ಹುಡುಗಿ ಕಾಲು ನೀಡಿಕೊಂಡು, ಬೇರೆ ಯಾರದೋ ಕಾಲು ಎನ್ನುವ ಹಾಗೆ ನೋಡುತ್ತಿದ್ದಳು.

ಅಂದಿನಿಂದ ನಿದ್ದೆ ಹೋಯಿತು, ನಾಲ್ವರದ್ದೂ. ಹುಡುಗಿ ಮಲಗುತ್ತಿದ್ದಳು, ಸ್ವಲ್ಪ ಹೊತ್ತಿಗೆ ಎದ್ದು ಹಾಸಿಗೆಯ ಮೇಲೆ ಸುಮ್ಮನೆ ಕೂರುತ್ತಿದ್ದಳು. ಅವಳು ಎದ್ದಳೆಂದು ಅಕ್ಕ ಏಳುವಳು. ಭಾವ ಮುಂಬಾಗಿಲಿಗೆ ಅಡ್ಡವಾಗಿ ಊಟದ ಮೇಜಿನ ಕುರ್ಚಿ ಇಟ್ಟು, ಅದು ಸರಿಯಾಗಿ ಇದೆಯೇ ಎಂದು ನೋಡಲು ಏಳುವರು. ನಾನು ಕಣ್ಣು ಮುಚ್ಚಿದರೆ ಚಕ್ರಗಳ ಸಂದಿ. ಬೆಳಿಗ್ಗೆ ನಾಲ್ವರೂ ಕೆಂಪು ಕಣ್ಣು ಹೊತ್ತು ಉಪ್ಪಿಟ್ಟಿನ ಮುಂದೆ ಕೂರುತ್ತಿದ್ದೆವು.

ಶನಿವಾರ ಭಾವ ವಿಷಯ ಎತ್ತಿದರು. "ಮಕ್ಕಳ ಮನೆಗೆ ಹೇಳ್ಬೇಕು ಕಣೇ. ಮುಚ್ಚಿಡೋದು ಸರಿಯಲ್ಲ."

"ಹೇಳಿದ್ರೆ ವಾಪಸ್ ಕರ್ಕೊಂಡು ಹೋದ್ರೆ? ಮೂರು ದಿನದಲ್ಲಿ ಮಗು ಕಳ್ಕೊಂಡವರು ಅಂತ ಬರ್ಕೊಂಡ್ರೆ?"

"ಹಾಗಂತ ಜರ್ಮನಿಯಲ್ಲೂ ಬಾಗಿಲಿಗೆ ಕುರ್ಚಿ ಇಟ್ಕೊಂಡೇ ಇರೋದಾ?"

ಅಕ್ಕ ಹೇಳಿದಳು, "ಅವಳಿಗೆ ನಾವು ಬೇಡ. ನಮ್ಗೆ ಬೇಕು ಅಂತ ಎತ್ತಿಕೊಂಡು ಹೋಗುದು ಸರಿಯಾ? ಬೇಡ ಅಂತಾದ್ರೆ ಈಗಲೇ ಬಿಡುವ. ವಿಮಾನ ಹತ್ತಿದ ಮೇಲೆ ಅಲ್ಲ."

ಹುಡುಗಿಯನ್ನು ಕೇಳದೆ ಯಾವುದೂ ನಡೆದಿರಲಿಲ್ಲ. ಅಷ್ಟು ದೊಡ್ಡ ಮಗುವಿನ ಒಪ್ಪಿಗೆ ಬೇಕೇ ಬೇಕು. ಅಧಿಕಾರಿಗಳು ಕೇಳಿದಾಗ ಅವಳು ನೇರವಾಗಿ ಹೋಗುತ್ತೇನೆ ಎಂದಿದ್ದಳು. ಅದೂ ನಾನು ಅನುವಾದ ಮಾಡಿದ ಮಾತೇ. ಅಕ್ಕ ನನ್ನ ಮುಖ ನೋಡಿ, "ಅವಳು ಹಾಗೇ ಹೇಳಿದ್ದು ಹೌದಾ?" ಎಂದು ಕೇಳಿದಳು. ಹೌದು ಎಂದೆ. ಅದು ನಿಜವೂ ಆಗಿತ್ತು. ಆದರೆ ಆ ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿತು. ಅವಳು ಹೇಳಿದ್ದರಲ್ಲಿ ಏನನ್ನಾದರೂ ನಾನು ಬಿಟ್ಟಿದ್ದೇನೆಯೇ?

ಸೋಮವಾರ ಕೆಲಸಕ್ಕೆ ಬರುವ ಮಾಶಿ ಬಟ್ಟೆ ಒಗೆಯುವಾಗ ಹಳದಿ ಫ್ರಾಕಿನ ಜೇಬಿನಿಂದ ಒಂದು ಬಾಚಣಿಗೆ ತೆಗೆದು ಕೊಟ್ಟಳು. ಇಲ್ಲಿ ಮಾಶಿ ಎಂದರೆ ಚಿಕ್ಕಮ್ಮ, ಮನೆಗೆಲಸದವಳನ್ನೂ ಹಾಗೆಯೇ ಕರೆಯುತ್ತಾರೆ. ಹೇನು ತೆಗೆಯುವ ಸಣ್ಣ ಹಲ್ಲಿನ ಮರದ ಬಾಚಣಿಗೆ. ಒಂದು ತುದಿಗೆ ಕೆಂಪು ದಾರ ಸುತ್ತಿತ್ತು. "ಮನೆ ತುಂಬ ಹೊಸ ಬಾಚಣಿಗೆ, ಜೇಬಲ್ಲಿ ಇದು" ಎಂದು ಅವಳು ನಕ್ಕಳು.

ನಾನು ನಗಲಿಲ್ಲ. ಆ ಬಾಚಣಿಗೆಯನ್ನು ಅದಕ್ಕೆ ಒಂದು ವಾರ ಮೊದಲು ನೋಡಿದ್ದೆ. ಅದರ ಬಗ್ಗೆ ಒಂದು ಮಾತನ್ನೂ ಕೇಳಿದ್ದೆ.

ಮಕ್ಕಳ ಮನೆಯವರು ಮೊದಲು ನಮ್ಮನ್ನು ಬರಹೇಳಿದ್ದು ಭಾನುವಾರ ಸಂಜೆ ಐದಕ್ಕೆ. ಅಮ್ಮನಿಗೆ ಅದನ್ನು ಹೇಳಿದಾಗ ಫೋನಿನಲ್ಲಿ ಪುಟ ತಿರುವುವ ಸದ್ದು ಕೇಳಿತು. "ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಮಗುವನ್ನು ಮೊದಲನೇ ಸಲ ಮನೆಗೆ ಕರ್ಕೊಂಡು ಬರುದು, ಆ ಹೊತ್ತಿಗೆ ಯಾರಾದ್ರೂ ಹೊರಡ್ತಾರಾ? ಆರರ ಮೇಲೆ ಹೋಗಿ." ಆರರ ಮೇಲೆ ಅವರ ಕಚೇರಿ ತೆರೆದಿರುವುದಿಲ್ಲ. ಹಾಗಾದರೆ ಸೋಮವಾರ ಬೆಳಿಗ್ಗೆ ಒಂಬತ್ತು ಕಳೆದ ಮೇಲೆ, ಎಂದು ಅಮ್ಮನೇ ತೀರ್ಮಾನಿಸಿದಳು. ನಾನು ವಿಜ್ಞಾನ ಕಲಿಸುವವಳು. ರಾಹುಕಾಲವನ್ನು ನಂಬುವುದಿಲ್ಲ. ಆದರೂ ಅಮ್ಮನ ಮನಸ್ಸಿಗೆ ಸಮಾಧಾನವಾಗುವುದಾದರೆ ಆಗಲಿ ಎಂದು ಮಕ್ಕಳ ಮನೆಗೆ ಫೋನು ಮಾಡಿ ಹೊತ್ತು ಬದಲಾಯಿಸಿದ್ದು ನಾನೇ. ಅಲ್ಲಿನ ಮೇಲ್ವಿಚಾರಕಿ ದೀದಿ, "ಸೋಮವಾರ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರಲ್ಲ" ಎಂದಿದ್ದರು. ಗದ್ದಲವಿಲ್ಲದೆ ಕೆಲಸ ಬೇಗ ಮುಗಿಯುತ್ತದೆ ಎಂದು ನಾನು ಹೇಳಿದ್ದೆ.

ಆ ಸೋಮವಾರ ಹನ್ನೊಂದಕ್ಕೆ ಹುಡುಗಿ ಒಬ್ಬಳೇ ಗೇಟಿನ ಹತ್ತಿರ ನಿಂತಿದ್ದಳು, ಕೈಯಲ್ಲಿ ಬಾಚಣಿಗೆ. ಟ್ಯಾಕ್ಸಿ ಹತ್ತುವ ಮೊದಲು ನನ್ನ ಸೆರಗು ಹಿಡಿದು, "ಮಾಶಿ, ಬಾಚಣಿಗೆ ಕೊಡುವುದು ಬಾಕಿ ಇದೆ" ಎಂದಳು.

ಅಕ್ಕ ಕೇಳಿದಳು, "ಎಂತ ಹೇಳ್ತಾಳೆ?"

"ಎಂತ ಇಲ್ಲ, ಬಾಚಣಿಗೆ ವಾಪಸ್ ಕೊಡ್ಬೇಕಂತೆ." ಹುಡುಗಿಗೆ ಹೇಳಿದೆ, "ಅದನ್ನು ಯಾರೂ ಕೇಳುವುದಿಲ್ಲ. ನೀನೇ ಇಟ್ಟುಕೋ."

ಅವಳು ಇನ್ನೊಮ್ಮೆ ಹೇಳಲಿಲ್ಲ. ಟ್ಯಾಕ್ಸಿಯಲ್ಲಿ ಕುಳಿತಳು. ಸಂಸ್ಥೆಯ ವಸ್ತು ಎಂದು ಹೆದರುತ್ತಿದ್ದಾಳೆ, ಪ್ರಾಮಾಣಿಕ ಹುಡುಗಿ ಎಂದು ನಾನು ದಾರಿಯಲ್ಲಿ ಅಕ್ಕನಿಗೆ ಹೊಗಳಿಯೂ ಇದ್ದೆ.

ಮಾಶಿ ಕೊಟ್ಟ ಬಾಚಣಿಗೆಯನ್ನು ಒರೆಸಿ ಹುಡುಗಿಯ ಮುಂದಿಟ್ಟೆ. "ಇದನ್ನು ಯಾರಿಗೆ ಕೊಡಬೇಕಿತ್ತು?" ಎಂದು ಕೇಳಿದೆ. ವಾರದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ. ಅವಳು ಆ ಬಾಚಣಿಗೆಯನ್ನು ನೋಡಿ, ನನ್ನನ್ನು ನೋಡಿ, ಎಲ್ಲವನ್ನೂ ಹೇಳಿದಳು. ಬಹಳ ಇರಲಿಲ್ಲ. ಅವಳ ಪಾಲಿಗೆ ಐದು ವರ್ಷದ ಒಂದು ಪುಟ್ಟಿ ಇದ್ದಳು. ಸಂಜೆ ಐದಕ್ಕೆ ಪುಟ್ಟಿಯ ತಲೆ ಬಾಚಬೇಕು. ಪುಟ್ಟಿ ಬೇರೆ ಯಾರ ಕೈಗೂ ತಲೆ ಕೊಡುವುದಿಲ್ಲ, ಕಚ್ಚುತ್ತಾಳೆ. ತಾನಿಲ್ಲದೆ ಮೂರು ಸಂಜೆ ಹೋಗಿಬಿಟ್ಟಿತ್ತು. ಐದನೆಯ ಸ್ಟೇಷನ್ನಿನಲ್ಲಿ ಇಳಿದರೆ ಅಲ್ಲಿಂದ ದಾರಿ ಗೊತ್ತು, ಮಕ್ಕಳ ಮನೆಯಿಂದ ಆಸ್ಪತ್ರೆಗೆ ಹೋಗುವಾಗೆಲ್ಲ ಆ ಗಾಡಿಯಲ್ಲೇ ಬರುತ್ತಿದ್ದರು.

"ಆಮೇಲೆ?"

"ಆಮೇಲೆ ವಾಪಸ್ ಬರುತ್ತಿದ್ದೆ. ಅವರು ಸ್ವೆಟರ್ ನೋಡುತ್ತಿದ್ದರಲ್ಲ."

ಸ್ವೆಟರ್ ಕೊಳ್ಳುವಷ್ಟು ಹೊತ್ತಿನಲ್ಲಿ ಹೋಗಿಬರಬಹುದೆಂದು ಅವಳ ಲೆಕ್ಕ.

ನಾನು ದೀದಿಗೆ ಫೋನು ಮಾಡಿದೆ. ಮೊದಲು ಸ್ಟೇಷನ್ನಿನ ವಿಷಯ ಹೇಳಿದೆ, ಭಾವ ಪಕ್ಕದಲ್ಲಿದ್ದರು, ಅಕ್ಕ ಕೈ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ದೀದಿ ಬೇಸರದ ದನಿಯಲ್ಲಿ ವಿವರಿಸಿದರು. ಅಲ್ಲಿ ಪ್ರತಿ ದೊಡ್ಡ ಹುಡುಗಿಯ ಪಾಲಿಗೆ ಒಬ್ಬ ಚಿಕ್ಕವಳು. ಊಟ, ಸ್ನಾನ, ತಲೆ ಎಲ್ಲ ದೊಡ್ಡವಳದೇ ಹೊಣೆ. ಗುರುತಿಗೆ ಒಂದು ಬಾಚಣಿಗೆ. ದೊಡ್ಡವಳು ಮನೆ ಬಿಡುವ ದಿನ ಎಲ್ಲರೂ ವೆರಾಂಡದಲ್ಲಿ ಕೂರುತ್ತಾರೆ. ಅವಳು ಚಿಕ್ಕವಳ ತಲೆಯನ್ನು ಕೊನೆಯ ಸಲ ಬಾಚಿ, ಬಾಚಣಿಗೆಯನ್ನು ಇನ್ನೊಬ್ಬ ದೊಡ್ಡವಳ ಕೈಗೆ ಕೊಡುತ್ತಾಳೆ. ಅಲ್ಲಿಗೆ ಬಿಡುಗಡೆ. ಭಾನುವಾರ ಐದಕ್ಕೆ ಬರಹೇಳಿದ್ದು ಅದಕ್ಕೇ.

"ನೀವು ಅದನ್ನು ಹೇಳಲಿಲ್ಲವಲ್ಲ" ಎಂದೆ.

"ನೀವು ಕೇಳಲಿಲ್ಲ. ಗದ್ದಲ ಬೇಡ ಎಂದಿರಿ, ನಾನೂ ಸರಿ ಎಂದೆ. ನನ್ನದೂ ತಪ್ಪು." ಆಮೇಲೆ, "ಅವಳು ಓಡಿಹೋಗಿರಲಿಲ್ಲ. ಡ್ಯೂಟಿಗೆ ಬರುತ್ತಿದ್ದಳು. ಫೈಲಿನಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಈ ಭಾನುವಾರ ಐದಕ್ಕೆ ಕರೆದುಕೊಂಡು ಬನ್ನಿ."

ಫೋನಿಟ್ಟ ಮೇಲೆ ಗೇಟಿನ ಹತ್ತಿರದ ಮಾತನ್ನು ಅಕ್ಕನಿಗೆ ಹೇಳಿದೆ. ಹುಡುಗಿ ಏನು ಹೇಳಿದ್ದಳು, ನಾನು ಏನು ಬಿಟ್ಟೆ ಎಂದು. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟಳು. ಸೀಟಿ ಬಂದ ಮೇಲೆ ಹೊರಗೆ ಬಂದು, "ನಿಂಗೆ ಎಂತ ಇಲ್ಲ ಅಂತ ಕಂಡದ್ದು ಅವಳಿಗೆ ಅಷ್ಟುಂಟು. ಇನ್ನು ಮೇಲೆ ನೀನು ಆರಿಸ್ಬೇಡ. ಅವಳು ಹೇಳಿದ್ದೆಲ್ಲ ಹೇಳು" ಎಂದಳು. ಎರಡು ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು.

ಅಮ್ಮನಿಗೆ ಶನಿವಾರ ಹೇಳಿದೆವು, ಸ್ಟೇಷನ್ನಿನ ಭಾಗ ಬಿಟ್ಟು. ಫೋನು ಸ್ಪೀಕರಿನಲ್ಲಿತ್ತು.

"ಮತ್ತೆ ಭಾನುವಾರ ಐದಕ್ಕಾ? ಒಂದು ಸಲ ಹೇಳಿದ್ದು ಸಾಲ್ಲಿಲ್ವಾ ಮಾರಾಯ್ತಿ?"

ಭಾವ ಸಾಮಾನ್ಯವಾಗಿ ಅತ್ತೆಯ ಪಂಚಾಂಗದ ವಿಷಯಕ್ಕೆ ಬಾಯಿ ಹಾಕುವವರಲ್ಲ. ಅಂದು ಕೇಳಿದರು, "ಅತ್ತೆ, ಭಾನುವಾರದ ರಾಹುಕಾಲ ಮುಗಿಯೋದು ಸೂರ್ಯ ಮುಳುಗೋ ಹೊತ್ತಿಗೆ ಅಲ್ವಾ?"

"ಹೌದು. ಹಗಲಿನ ಎಂಟನೇ ಭಾಗ."

"ನಿಮ್ಮಲ್ಲಿ ಆರಕ್ಕೆ ಮುಳುಗುತ್ತೆ. ಇಲ್ಲಿ ಈಗ ಚಳಿಗಾಲ, ಐದಕ್ಕೆ ಮುಂಚೆನೇ ಮುಳುಗುತ್ತೆ. ಐದಕ್ಕೆ ಇಲ್ಲಿ ರಾಹುಕಾಲ ಮುಗಿದೇ ಹೋಗಿರುತ್ತೆ."

ಆ ಕಡೆ ಮತ್ತೆ ಪುಟ ತಿರುವುವ ಸದ್ದು. ಹದಿನೈದು ದಿನ ನಾವು ಉಡುಪಿಯ ಸೂರ್ಯನನ್ನು ನೋಡಿಕೊಂಡು ಕೊಲ್ಕತ್ತಾದಲ್ಲಿ ಓಡಾಡಿದ್ದೆವು. ಹನ್ನೊಂದು ವರ್ಷದಿಂದ ಚಳಿಗಾಲದಲ್ಲಿ ನಾಲ್ಕೂಮುಕ್ಕಾಲಕ್ಕೆ ದೀಪ ಹಾಕುತ್ತಾ ಬಂದ ನನಗೂ ಅದು ಹೊಳೆದಿರಲಿಲ್ಲ. ನಂಬದವಳಾದ್ದರಿಂದ ಲೆಕ್ಕ ಹಾಕುವ ಗೋಜಿಗೂ ಹೋಗಿರಲಿಲ್ಲ.

"ಹಾಗಾದ್ರೆ ಹೋಗಿ ಬನ್ನಿ" ಎಂದಳು ಅಮ್ಮ ಕೊನೆಗೆ. "ಪುಟ್ಟಿಗೆ ಎಂತಾದ್ರೂ ತಿಂಡಿ ತಕೊಂಡು ಹೋಗಿ."

ಭಾನುವಾರ ವೆರಾಂಡದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಇಪ್ಪತ್ತು ಇಪ್ಪತ್ತೈದು ಹುಡುಗಿಯರು ಚಾಪೆಯ ಮೇಲೆ ಜೋಡಿ ಜೋಡಿಯಾಗಿ ಕುಳಿತಿದ್ದರು, ಮುಂದೆ ಒಬ್ಬಳು, ಹಿಂದೆ ಒಬ್ಬಳು. ತೆಂಗಿನೆಣ್ಣೆಯ ವಾಸನೆ. ನಮ್ಮ ಹುಡುಗಿಯನ್ನು ಕಂಡು ಒಬ್ಬಳು ದೊಡ್ಡವಳು, "ಓ, ಮೇಮ್‌ಸಾಹೇಬ್ ಬಂದರು. ವಿಲಾಯತಿಯಲ್ಲಿ ಹೇನು ಸಿಗಲಿಲ್ಲವಾ?" ಎಂದಳು. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಅವಳ ಹಲ್ಲಿನ ಸಾಲನ್ನು ಅಕ್ಕ ಅಷ್ಟು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

ಪುಟ್ಟಿ ಮಾತ್ರ ಕಂಬದ ಹಿಂದೆ ನಿಂತಿದ್ದಳು. ತಲೆ ಕಾಗೆ ಗೂಡಿನ ಹಾಗಿತ್ತು. ಕರೆದರೆ ಬರಲಿಲ್ಲ. ಹುಡುಗಿ ಎರಡನೆಯ ಸಲ ಕರೆಯಲಿಲ್ಲ, ಚಾಪೆಯ ಮೇಲೆ ತನ್ನ ಜಾಗದಲ್ಲಿ ಕುಳಿತು, ಬಾಚಣಿಗೆಯನ್ನು ಮುಂದಿಟ್ಟುಕೊಂಡು ಕಾದಳು. ಹತ್ತು ನಿಮಿಷವಾದರೂ ಆಗಿರಬೇಕು. ಪುಟ್ಟಿ ಬಂದಳು, ಅವಳಿಗೆ ಬೆನ್ನು ಹಾಕಿ ಧೊಪ್ಪನೆ ಕುಳಿತಳು.

"ನೋಯುತ್ತೆ."

"ಇನ್ನೂ ಮುಟ್ಟಿಲ್ಲ."

"ಆದರೂ ನೋಯುತ್ತೆ."

ಸಿಕ್ಕು ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ ಕಟ್ಟಿದಳು. ಆಮೇಲೆ ಎದ್ದು, ಮೇಮ್‌ಸಾಹೇಬ್ ಎಂದು ಅಣಕಿಸಿದ್ದ ಆ ದೊಡ್ಡವಳ ಮುಂದೆ ಬಾಚಣಿಗೆ ಹಿಡಿದಳು.

"ಕಿವಿಯ ಹಿಂದೆ ಮೆಲ್ಲಗೆ ಬಾಚು. ಅಲ್ಲೇ ಕಚ್ಚುವುದು."

"ಗೊತ್ತು" ಎಂದು ದೊಡ್ಡವಳು ಮುಂಗೈಯ ಗುರುತು ತೋರಿಸಿದಳು. ಬಾಚಣಿಗೆ ತೆಗೆದುಕೊಂಡಳು. ದೀದಿ ರಿಜಿಸ್ಟರಿನಲ್ಲಿ ಏನೋ ಬರೆದರು. ಯಾರೂ ಅಳಲಿಲ್ಲ. ನಮ್ಮ ಅಮ್ಮ ಹೇಳಿದ್ದ ತಿಂಡಿಯ ಪೊಟ್ಟಣವನ್ನು ಪುಟ್ಟಿ ಬಿಚ್ಚುವುದರಲ್ಲಿದ್ದಳು. ಅಕ್ಕ ಮಾತ್ರ ಗೇಟಿನ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಳು.

ವಾಪಸ್ ಬರುವಾಗ ಟ್ಯಾಕ್ಸಿ ಖಿದಿರ್‌ಪುರದ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಹುಡುಗಿ ಅಕ್ಕ ಮತ್ತು ನನ್ನ ನಡುವೆ ಕುಳಿತಿದ್ದಳು. ಇದ್ದಕ್ಕಿದ್ದ ಹಾಗೆ ಕೇಳಿದಳು, "ಮಾಶಿ, ಇನ್ನು ನನ್ನ ಪಾಲಿಗೆ ಯಾರು?"

ತನ್ನ ಪಾಲಿಗೆ ಒಬ್ಬರಿಲ್ಲದೆ ಇರುವುದು ಅವಳಿಗೆ ಗೊತ್ತೇ ಇಲ್ಲ ಎಂದು ನನಗೆ ತಿಳಿಯಿತು. ಅವಳು ಕೇಳಿದ್ದನ್ನು, ಅದರ ಅರ್ಥವನ್ನು, ಒಂದು ಶಬ್ದ ಬಿಡದೆ ಅಕ್ಕನಿಗೆ ಹೇಳಿದೆ.

ಅಕ್ಕ ಯೋಚಿಸಿ, "ನಾನಿದ್ದೇನಲ್ಲ ಅಂತ ಹೇಳು" ಎಂದಳು.

ಹುಡುಗಿ ಅಕ್ಕನ ತಲೆ ನೋಡಿದಳು. ಅಕ್ಕನದು ಕಿವಿಯ ಮೇಲಕ್ಕೆ ಕತ್ತರಿಸಿದ ಕೂದಲು. "ಇದರಲ್ಲಿ ಬಾಚಲು ಏನಿದೆ?" ಮುಂದಿನ ಸೀಟಿನಲ್ಲಿದ್ದ ಭಾವನ ಬೋಳುತಲೆಯನ್ನೂ ನೋಡಿದಳು, ಅದರ ಬಗ್ಗೆ ಏನೂ ಹೇಳಲಿಲ್ಲ. ಅದನ್ನೂ ಅನುವಾದಿಸಿದೆ, ಏನೂ ಹೇಳಲಿಲ್ಲ ಎನ್ನುವುದನ್ನು ಕೂಡ.

"ಬೆಳೆಸ್ತೇನೆ ಅಂತ ಹೇಳು" ಎಂದಳು ಅಕ್ಕ. "ಸ್ವಲ್ಪ ಸಮಯ ಬೇಕು, ಅವಳು ಕಾಯ್ಬೇಕು."

ಹುಡುಗಿ ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಮನೆಗೆ ಬಂದ ಮೇಲೆ ಸ್ನಾನದ ಕೋಣೆಯ ಹೊಸ ಬಾಚಣಿಗೆಗಳಲ್ಲಿ ಒಂದನ್ನು ಆರಿಸಿ, ನನ್ನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ಕೇಳಿ ತೆಗೆದುಕೊಂಡಳು.

ಆ ರಾತ್ರಿ ಅವಳು ಎದ್ದು ಕೂರಲಿಲ್ಲ ಎಂದು ಬರೆಯಬಹುದಿತ್ತು. ಕುಳಿತಳು. ಸೋಮವಾರವೂ. ಭಾವ ಕುರ್ಚಿಯನ್ನು ಬಾಗಿಲಿಗೆ ಇಡುತ್ತಲೇ ಇದ್ದರು. ಮಂಗಳವಾರ ಸಂಜೆ ಐದಕ್ಕೆ ಅವಳು ಅಕ್ಕನನ್ನು ನೆಲದ ಮೇಲೆ ಕೂರಿಸಿ, ಆ ಗಿಡ್ಡ ಕೂದಲಿಗೆ ಎಣ್ಣೆ ಹಚ್ಚಿ, ಬಹಳ ಹೊತ್ತು ಬಾಚಿದಳು. ಅಕ್ಕ ಅಲ್ಲೇ ತೂಕಡಿಸಿದಳು. ಊಟದ ಹೊತ್ತಿಗೆ ಎಬ್ಬಿಸಬೇಕಾಯಿತು.

ಬುಧವಾರ ನನ್ನನ್ನು ಎಬ್ಬಿಸಿದ್ದು ಬಾಗಿಲು ಬಡಿಯುವ ಸದ್ದು. ಹೊರಗೆ ಬಂದು ನೋಡಿದರೆ ಬಿಸಿಲು ಊಟದ ಮೇಜಿನವರೆಗೆ ಬಂದಿತ್ತು. ಕುರ್ಚಿ ಮೇಜಿನ ಹತ್ತಿರವೇ ಇತ್ತು, ಭಾವ ಅದನ್ನು ಬಾಗಿಲಿಗೆ ಇಡಲು ಮರೆತಿದ್ದರು. ಬಾಗಿಲು ತೆರೆದೆ. ಮಾಶಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದೇನೆ. ಎಲ್ಲ ಸತ್ತೇ ಹೋದಿರಾ ಅಂದುಕೊಂಡೆ. ಒಂಬತ್ತಾಯಿತು."

ಮೆಲ್ಲಗೆ ಎಂದು ಸನ್ನೆ ಮಾಡಿದೆ. ಒಳಗೆ ಮೂವರೂ ಇನ್ನೂ ಮಲಗಿದ್ದರು.